ಗಾಣದವನು ಮಾಡಿದ ಎರಡು ಪಾಲು

"ಗುರುಗಳೇ, ಪಾಲು ಮಾಡುವವನು ನಾನು, ಆರಿಸಿಕೊಳ್ಳುವವಳು ಅವಳು. ಇದರಲ್ಲಿ ಮೋಸಕ್ಕೆ ಜಾಗ ಎಲ್ಲಿದೆ?"

ಹೀಗೆ ಕೇಳಿದವನು ರಾಚಪ್ಪ. ಪೇಟೆಯಲ್ಲಿ ಕಬ್ಬಿಣದ ಸಾಮಾನಿನ ಅಂಗಡಿ ಇಟ್ಟವನು, ಬಹಳ ವರ್ಷಗಳಿಂದ ಗುರುಗಳ ಮಾತು ಕೇಳಲು ಮಠಕ್ಕೆ ಬಂದು ಹೋಗುವ ಶಿಷ್ಯ. ಅವನೂ ಅವನ ಹೆಂಡತಿ ನೀಲವ್ವನೂ ಬೇರೆಯಾಗುವುದೆಂದು ತೀರ್ಮಾನವಾಗಿತ್ತು. ಆಸ್ತಿಯನ್ನು ಹೇಗೆ ಹಂಚಿಕೊಳ್ಳುತ್ತೇವೆಂದು ಮರುದಿನ ಇಬ್ಬರೂ ಕೋರ್ಟಿನಲ್ಲಿ ಹೇಳಬೇಕಿತ್ತು.

ಗುರುಗಳು ಅಡುಗೆಮನೆಯ ಜಗಲಿಯಲ್ಲಿ ಕೂತು ನೆನೆದ ಅವರೆಕಾಳನ್ನು ಹಿಸುಕಿ ಸಿಪ್ಪೆ ಬಿಡಿಸುತ್ತಿದ್ದರು. ಅಂದು ಊಟಕ್ಕೆ ಬರುವವರು ಹೆಚ್ಚಿದ್ದರು. ಅವರು ತಲೆ ಎತ್ತದೆ ಪಾತ್ರೆಯನ್ನು ರಾಚಪ್ಪನ ಕಡೆಗೆ ಸರಿಸಿದರು.

"ಮೊದಲು ಕೂತು ಇದಕ್ಕೆ ಕೈ ಹಾಕು. ಏನೇನು ಪಾಲು ಮಾಡಿದ್ದೀಯ?"

"ಒಂದರಲ್ಲಿ ಮನೆ ಮತ್ತು ಅಂಗಡಿ. ಇನ್ನೊಂದರಲ್ಲಿ ಊರಾಚೆಯ ಖಾಲಿ ಸೈಟು, ಅದರ ಜೊತೆಗೆ ಒಂದಷ್ಟು ಚಿಲ್ಲರೆ ಸಾಮಾನು. ಅವಳಿಗೆ ಬೇಕಾದ್ದನ್ನು ಅವಳು ತೆಗೆದುಕೊಳ್ಳಲಿ, ಉಳಿದದ್ದು ನನಗಿರಲಿ. ನಮ್ಮ ವಕೀಲರೇ ಬೆರಗಾದರು ಗುರುಗಳೇ. ಇಷ್ಟು ಧಾರಾಳಿ ಗಂಡನನ್ನು ನಾನು ಕಂಡಿಲ್ಲ ಎಂದರು."

"ಚಿಲ್ಲರೆ ಸಾಮಾನು," ಎಂದು ಗುರುಗಳು ತಮ್ಮಷ್ಟಕ್ಕೆ ಹೇಳಿಕೊಂಡರು. "ಎಂಥ ಚಿಲ್ಲರೆ?"

"ಅಂಥದ್ದೇನಿಲ್ಲ. ಹಳೆಯವು. ಇದ್ದರೂ ಆಗುತ್ತದೆ, ಇಲ್ಲದಿದ್ದರೂ ಆಗುತ್ತದೆ."

"ಹೂಂ. ನಿನ್ನಷ್ಟೇ ಧಾರಾಳಿ ಹಿಂದೆ ಇನ್ನೊಬ್ಬನಿದ್ದ. ಅವನ ಕತೆ ಹೇಳುತ್ತೇನೆ. ಕೇಳು, ಆದರೆ ಕೈ ನಿಲ್ಲಿಸಬೇಡ. ಕತೆ ಕೇಳುತ್ತ ಕೂತು ಸಾರಿಗೆ ಕಾಳಿಲ್ಲ ಎಂದರೆ ಅಡುಗೆಯವರು ನನ್ನನ್ನೇ ಹಿಡಿದು ಹಿಸುಕುತ್ತಾರೆ."

ಗುರುಗಳು ಹೇಳತೊಡಗಿದರು.

ಒಂದೂರಿನಲ್ಲಿ ಒಬ್ಬ ಗಾಣದವನಿದ್ದ. ಅವನಿಗೊಬ್ಬಳು ಹೆಂಡತಿ. ಹೆಸರು ಕೇಳಬೇಡ. ಹೆಸರಿಟ್ಟರೆ ನಾಳೆ ಯಾರಾದರೂ ಬಂದು, ಅವನು ನಮ್ಮ ಮುತ್ತಜ್ಜ, ಅವನ ಮಾನ ಕಳೆದಿರಿ ಎಂದು ಜಗಳ ತೆಗೆಯುತ್ತಾರೆ. ಗಾಣದವನು, ಗಾಣದವಳು, ಅಷ್ಟು ಸಾಕು.

ಮದುವೆಯಾದ ಹೊಸತರಲ್ಲಿ ಅವರಿಗೆ ಇದ್ದದ್ದು ಊರಂಚಿನ ಕಲ್ಲುನೆಲದಲ್ಲಿ ಒಂದು ಕೊಟ್ಟಿಗೆ, ಅದರೊಳಗೊಂದು ಗಾಣ. ಎತ್ತು ಇರಲಿಲ್ಲ. ಗಾಣದ ನೊಗಕ್ಕೆ ಒಂದು ಕಡೆ ಅವನು ಹೆಗಲು ಕೊಟ್ಟ, ಇನ್ನೊಂದು ಕಡೆ ಅವಳು ಕೊಟ್ಟಳು. ಹಾಗೆ ಸುತ್ತಿ ಸುತ್ತಿ ಎಣ್ಣೆ ತೆಗೆದರು. ಆ ಎಣ್ಣೆ ಮಾರಿ ಒಂದು ಹೋರಿಗರು ತಂದರು. ಆ ಕರುವೆಂದರೆ ಅವನಿಗೆ ಪ್ರಾಣ. ತನ್ನ ರೊಟ್ಟಿಯಲ್ಲಿ ತುಂಡು ಮುರಿದು ಅದಕ್ಕೆ ತಿನ್ನಿಸುತ್ತಿದ್ದ, ರಾತ್ರಿ ಅದರ ಪಕ್ಕದಲ್ಲೇ ಮಲಗುತ್ತಿದ್ದ. ಕರು ಬೆಳೆದು ಎತ್ತಾಯಿತು. ಆ ಎತ್ತಿನಿಂದ ಸಂಸಾರ ಮೇಲೆದ್ದಿತು. ಪೇಟೆಯಲ್ಲಿ ಹೊಸ ಗಾಣ ಬಂತು, ಗಾಣದ ಮುಂದೆ ಎಣ್ಣೆಯಂಗಡಿ ಬಂತು, ಒಂದು ಹೆಂಚಿನ ಮನೆ ಬಂತು, ಕುಸುಬೆ ಬೆಳೆಯುವ ಕಪ್ಪು ಹೊಲ ಬಂತು. ಊರಂಚಿನ ಕೊಟ್ಟಿಗೆ ಹಾಳುಬಿದ್ದಿತು. ಅಲ್ಲಿನ ಗಾಣದ ಕಲ್ಲು ಸೀಳಿಹೋಯಿತು.

ಆದರೆ ಆ ಕೊಟ್ಟಿಗೆಯ ಹಿಂದೆ ಒಂದು ಜಾಗವಿತ್ತು. ಅಲ್ಲಿ ಬದುಕುತ್ತಿದ್ದ ಕಾಲದಲ್ಲೇ ಅವರಿಗೊಂದು ಹೆಣ್ಣುಕೂಸು ಹುಟ್ಟಿತ್ತು. ತೊಟ್ಟಿಲಿಗೆ ಹಾಕಿ ಹೆಸರಿಡುವ ಮೊದಲೇ ತೀರಿಕೊಂಡಿತು. ಕೊಟ್ಟಿಗೆಯ ಹಿಂದೆಯೇ ಮಣ್ಣು ಮಾಡಿದರು. ಅವಳು ಅಲ್ಲಿ ನಾಲ್ಕು ಕಲ್ಲು ಜೋಡಿಸಿ ಒಂದು ಪುಟ್ಟ ಗೂಡು ಕಟ್ಟಿದಳು. ದಿನವೂ ಸಂಜೆ ಆ ಗೂಡಿನಲ್ಲಿ ದೀಪ ಹಚ್ಚುತ್ತಿದ್ದಳು. ಪೇಟೆಯ ಮನೆಗೆ ಬಂದ ಮೇಲೂ ಬಿಡಲಿಲ್ಲ. ಗಾಳಿ ಬೀಸಲಿ, ಜ್ವರ ಬರಲಿ, ಸೆರಗಿನ ಮರೆಯಲ್ಲಿ ಎಣ್ಣೆಯ ಬಟ್ಟಲು ಹಿಡಿದು ಹೋಗಿ ಬರುತ್ತಿದ್ದಳು. ಅವರಿಗೆ ಬೇರೆ ಮಕ್ಕಳಾಗಲಿಲ್ಲ.

ಅವನೋ, ಮಣ್ಣು ಮಾಡಿ ಕೈ ತೊಳೆದವನು ಮತ್ತೆ ಆ ಕಡೆ ಕಾಲಿಡಲಿಲ್ಲ. ಕಲ್ಲೆದೆಯವನೆಂದು ತಿಳಿಯಬೇಡ. ಆ ಜಾಗ ನೋಡಿದರೆ ಅವನಿಗೆ ಉಸಿರು ಕಟ್ಟುತ್ತಿತ್ತು. ಅದನ್ನು ಬಾಯಿಬಿಟ್ಟು ಹೇಳಲು ಬರಲಿಲ್ಲ. ಅವಳು ಕೂಸಿನ ಮಾತೆತ್ತಿದರೆ ಸಾಕು, ಎದ್ದು ಗಾಣಕ್ಕೆ ಹೋಗುತ್ತಿದ್ದ. ಸಂಜೆ ಅವಳು ಹೊರಟರೆ, "ನಿನ್ನ ಗೂಡಿಗೆ ಹೊರಟೆಯಾ?" ಎನ್ನುತ್ತಿದ್ದ. ನಿನ್ನ ಗೂಡು, ನಿನ್ನ ದೀಪ, ನಿನ್ನ ಅಳು. ಆಸ್ತಿ ಪಾಲಾಗುವುದಕ್ಕೆ ಎಷ್ಟೋ ಮೊದಲೇ ಅವರ ನಡುವೆ ಒಂದು ಪಾಲು ಆಗಿಹೋಗಿತ್ತು ರಾಚಪ್ಪ. ಅಳುವುದು ಅವಳಿಗೆ ಬಂತು, ದುಡಿಯುವುದು ಅವನಿಗೆ ಬಂತು. ಅವಳ ಕಣ್ಣಿಗೆ ಅವನು ಕಟುಕನಾದ. ಅವನ ಕಣ್ಣಿಗೆ ಅವಳು ಮನೆಗೆ ಹಿಡಿದ ಸೂತಕವಾದಳು. ಮಾತು ಕಡಿಮೆಯಾಯಿತು, ಆಮೇಲೆ ಬೈಗುಳ ಬಂತು, ಆಮೇಲೆ ಬೈಗುಳವೂ ನಿಂತಿತು. ಕೊನೆಗೆ ಇಬ್ಬರೂ ಊರ ಪಂಚರ ಮುಂದೆ ಹೋಗಿ, ನಮಗೆ ಬಿಡುಗಡೆ ಕೊಡಿ ಎಂದರು.

ಪಂಚರು ಬುದ್ಧಿ ಹೇಳಿ ನೋಡಿದರು. ಇಬ್ಬರೂ ಜಗ್ಗಲಿಲ್ಲ. ಸರಿ, ಬಿಡುಗಡೆಯಾಯಿತು. ಇನ್ನು ಉಳಿದದ್ದು ಆಸ್ತಿ. ಗಂಡ ಹೆಂಡತಿ ಕೂಡಿ ಗಳಿಸಿದ್ದು ಇಬ್ಬರಿಗೂ ಸೇರಬೇಕೆಂಬುದು ಆ ಊರಿನ ಕಟ್ಟಳೆ. ಅಷ್ಟರ ಮಟ್ಟಿಗೆ ಒಳ್ಳೆಯ ಊರು. ಹಂಚುವುದು ಹೇಗೆ? ಅಣ್ಣತಮ್ಮಂದಿರಿಗೆ ಅಲ್ಲೊಂದು ಪದ್ಧತಿಯಿತ್ತು. ಒಬ್ಬ ಎರಡು ಪಾಲು ಮಾಡಬೇಕು, ಇನ್ನೊಬ್ಬ ಆರಿಸಿಕೊಳ್ಳಬೇಕು. ಯಾವುದು ತನಗೆ ಉಳಿಯುತ್ತದೋ ತಿಳಿಯದ್ದರಿಂದ ಪಾಲು ಮಾಡುವವನು ಸರಿಸಮ ಮಾಡುತ್ತಾನೆ. ಪಂಚರು ಅದನ್ನೇ ಗಂಡ ಹೆಂಡತಿಗೂ ಹಚ್ಚಿದರು. ಎಡವಿದ್ದು ಅಲ್ಲೇ. ತಮ್ಮ ಯಾವುದಕ್ಕೆ ಕೈ ಹಾಕುತ್ತಾನೋ ಅಣ್ಣನಿಗೆ ಗೊತ್ತಿರುವುದಿಲ್ಲ. ಒಂದೇ ಸೂರಿನ ಕೆಳಗೆ ಇಷ್ಟು ಕಾಲ ಬಾಳಿದ ಗಂಡನಿಗೆ ಹೆಂಡತಿಯ ಕೈ ಎತ್ತ ಹೋಗುತ್ತದೆಂದು ಗೊತ್ತಿರುವುದಿಲ್ಲವೇ? ಪಂಚರೆಲ್ಲ ಮದುವೆಯಾದವರೇ. ಒಬ್ಬನಿಗಾದರೂ ಇದು ಹೊಳೆಯಬೇಡವೇ? ಹೊಳೆಯಲಿಲ್ಲ.

ಆ ಪದ್ಧತಿಯಲ್ಲಿ ಇನ್ನೂ ಒಂದು ಮಾತಿತ್ತು. ಪಾಲು ಹೇಳುವ ಮೊದಲು, "ಸಾಮಾಯಿಕ ಏನಾದರೂ ಇದೆಯೇ?" ಎಂದು ಪಂಚರು ಕೇಳುತ್ತಿದ್ದರು. ಬಾವಿ, ಹೊಲದ ದಾರಿ, ಒಕ್ಕುವ ಕಣ, ಇಂಥವನ್ನು ಕತ್ತರಿಸಿ ಕೊಡಲಾಗುವುದಿಲ್ಲ. ಬೇರೆಯಾದ ಮೇಲೂ ಇಬ್ಬರದಾಗಿಯೇ ಉಳಿಯಬೇಕು. ಅದಕ್ಕೆ ಸಾಮಾಯಿಕವೆಂದು ಹೆಸರು.

"ಏನೂ ಇಲ್ಲ," ಎಂದ ಗಾಣದವನು. ಅವಳು ಊರಂಚಿನ ಕಡೆ ನೋಡಿದಳು.

ಪಾಲು ಮಾಡುವ ಸರದಿ ಅವನದು. ಅವನು ಎದ್ದು ನಿಂತು ಹೇಳಿದ. "ಒಂದು ಪಾಲಿಗೆ ಮನೆ, ಅಂಗಡಿ, ಹೊಸ ಗಾಣ, ಎತ್ತು, ಹೊಲ. ಇನ್ನೊಂದು ಪಾಲಿಗೆ ಊರಂಚಿನ ಕೊಟ್ಟಿಗೆ ಮತ್ತು ಅದರ ಸುತ್ತಿನ ನೆಲ. ಅವಳು ಯಾವುದನ್ನಾದರೂ ತೆಗೆದುಕೊಳ್ಳಲಿ."

ಪಂಚರು ಮುಖ ಮುಖ ನೋಡಿಕೊಂಡರು. "ಅಯ್ಯಾ, ತಲೆ ನೆಟ್ಟಗಿದೆಯೇ? ಅವಳು ದೊಡ್ಡದನ್ನು ಎತ್ತಿಕೊಂಡರೆ ನಿನ್ನ ಗತಿಯೇನು?" ಎಂದರು.

"ಅವಳು ಸುಖವಾಗಿದ್ದರೆ ಸಾಕು," ಎಂದು ಅವನು ಕೈ ಮುಗಿದ.

ನೆರೆದವರೆಲ್ಲ ಭಲೇ ಎಂದರು. ಎಂಥ ಧರ್ಮಾತ್ಮ, ಇಂಥವನನ್ನು ಬಿಡುತ್ತಾಳಲ್ಲ, ಇವಳ ಹಣೆಬರಹ ಎಂದು ಹೆಂಗಸರು ಗುಸುಗುಸು ಮಾಡಿದರು. ಥೂ, ಧರ್ಮಾತ್ಮನಂತೆ! ಅವನ ಹೊಟ್ಟೆಯೊಳಗೆ ಏನಿತ್ತೆಂದು ಅವರಿಗೇನು ಗೊತ್ತು? ಪ್ರಾಣ ಹೋದರೂ ಅವಳು ಆ ಗೂಡು ಬಿಡುವವಳಲ್ಲ ಎಂದು ಅವನು ಚೆನ್ನಾಗಿ ಬಲ್ಲ. ಕೊಟ್ಟಿಗೆಯನ್ನು ಅವಳೇ ಕೇಳಿ ಪಡೆಯುತ್ತಾಳೆ. ದೊಡ್ಡದೆಲ್ಲ ತನಗೆ ಉಳಿಯುತ್ತದೆ. ಮೇಲೆ ಊರಿನ ಹೊಗಳಿಕೆ ಬೇರೆ. ಹೆಂಡತಿಯ ಮೇಲೆ ಪ್ರೀತಿಯಿದ್ದ ಕಾಲದಲ್ಲಿ ತಿಳಿದುಕೊಂಡದ್ದನ್ನೆಲ್ಲ ಆ ಮಹಾರಾಯ ಈಗ ಗಾಳದ ಹುಳು ಮಾಡಿದ್ದ.

ಕೈ ನಿಂತಿತು ರಾಚಪ್ಪ. ಹಿಸುಕು.

ಆ ಸಭೆಯಲ್ಲಿ ಅವನ ಹೂಟ ತಿಳಿದದ್ದು ಒಬ್ಬಳಿಗೇ. ಅವನು ಅವಳನ್ನು ಬಲ್ಲಷ್ಟೇ ಅವಳೂ ಅವನನ್ನು ಬಲ್ಲಳು. ಗೂಡನ್ನು ಆರಿಸಿಕೊಂಡರೆ ನಾಳೆಯಿಂದ ತಿನ್ನುವುದೇನು? ಸೀಳಿದ ಗಾಣದಲ್ಲಿ ಎಣ್ಣೆ ಬರುವುದಿಲ್ಲ, ಕಲ್ಲುನೆಲದಲ್ಲಿ ಕಾಳು ಬೆಳೆಯುವುದಿಲ್ಲ. ಊರವರ ಮನೆ ಮುಸುರೆ ತಿಕ್ಕಿ ಬದುಕಬೇಕು. ಬದುಕನ್ನು ಆರಿಸಿಕೊಂಡರೆ ಗೂಡು ಕೈಬಿಡುತ್ತದೆ. ಅನ್ಯರ ನೆಲಕ್ಕೆ ಅಪ್ಪಣೆಯಿಲ್ಲದೆ ಕಾಲಿಡುವಂತಿಲ್ಲ, ಅದೂ ಆ ಊರಿನ ಕಟ್ಟಳೆಯೇ. ಕೂಸು ಕತ್ತಲಲ್ಲಿ ಮಲಗಬೇಕು. ಪಂಚರು ಎರಡನೆಯ ಸಲ ಕೇಳಿದರು.

"ಮನೆ, ಅಂಗಡಿ, ಗಾಣ, ಎತ್ತು, ಹೊಲ ನನಗಿರಲಿ," ಎಂದಳು.

ಗಾಣದವನ ಬಾಯಿ ತಾನಾಗಿ ಬಿಟ್ಟುಕೊಂಡಿತು. "ನಿನ್ನ ಗೂಡು?"

"ಇಷ್ಟು ವರ್ಷ ನಾನೊಬ್ಬಳೇ ದೀಪ ಹಚ್ಚಿದೆ," ಎಂದಳು ಅವಳು. "ಕೂಸು ನಿನ್ನದೂ ಹೌದು. ಇನ್ನು ಹಚ್ಚುವವನು ನೀನು, ಹಚ್ಚದೆ ಬಿಡುವವನೂ ನೀನು."

ಅಷ್ಟು ಹೇಳಿ ಮನೆಗೆ ಹೋದಳು. ಮನೆ ಸೇರಿ ಬಾಗಿಲು ಹಾಕಿಕೊಂಡು ಅತ್ತಳು. ಗೆದ್ದಳೆಂದು ಊರು ಹೇಳಿತು. ಗೆದ್ದವಳು ಹಾಗೆ ಅಳುತ್ತಾಳೆಯೇ?

ಗಾಣದವನು ಕೊಟ್ಟಿಗೆಗೆ ಹೋದ. ಉರಿದುಬಿದ್ದ. ಅವಳನ್ನು ಬೈದ, ಪಂಚರನ್ನು ಬೈದ, ಸೀಳಿದ ಗಾಣಕ್ಕೆ ಒದ್ದು ಕಾಲು ನೋಯಿಸಿಕೊಂಡ. ಕೊಟ್ಟಿಗೆಯ ಹಿಂದಕ್ಕೆ ಮಾತ್ರ ಹೋಗಲಿಲ್ಲ. ಇತ್ತ ಅವಳು ಸಂಜೆಯಾದರೆ ಹಿತ್ತಿಲ ಬಾಗಿಲಿಗೆ ಬಂದು ಊರಂಚಿನ ಕಡೆ ನೋಡುತ್ತಿದ್ದಳು. ಬೆಳಕಿಲ್ಲ. ಅಭ್ಯಾಸಬಲದಿಂದ ಬಟ್ಟಲಿಗೆ ಎಣ್ಣೆ ಹಾಕಿಕೊಳ್ಳುತ್ತಿದ್ದಳು, ಮತ್ತೆ ಗಡಿಗೆಗೆ ಸುರಿಯುತ್ತಿದ್ದಳು. ತಪ್ಪು ಮಾಡಿದೆನೇ, ಹೊಟ್ಟೆಪಾಡಿಗೆ ಮಗಳನ್ನು ಬಿಟ್ಟುಕೊಟ್ಟೆನೇ ಎಂದು ಅವಳ ಜೀವ ಹಿಂಡುತ್ತಿತ್ತು. ಎತ್ತೂ ಸರಿಯಿರಲಿಲ್ಲ. ಮೇವು ಮೂಸಿ ಬಿಡುತ್ತಿತ್ತು, ಬಾಗಿಲ ಕಡೆಗೇ ಮುಖ ಮಾಡಿ ನಿಲ್ಲುತ್ತಿತ್ತು.

ಗಾಣದವನು ಆ ನೆಲವನ್ನು ಮಾರಿ ಊರು ಬಿಡುವುದೆಂದು ನಿಶ್ಚಯಿಸಿದ. ಸುಣ್ಣ ಸುಡುವವನೊಬ್ಬ ಕೊಳ್ಳಲು ಬಂದ. ನೆಲ ನೋಡಿದ, ಕಲ್ಲು ಬಡಿದು ನೋಡಿದ, ಒಪ್ಪಿದ. ಸುತ್ತಿಕೊಂಡು ಕೊಟ್ಟಿಗೆಯ ಹಿಂದಕ್ಕೆ ಹೋದ. ಗಾಣದವನು ಅವನ ಹಿಂದೆ ಹೋಗಲೇಬೇಕಾಯಿತು.

"ಭಟ್ಟಿಗೆ ಇದೇ ಸರಿಯಾದ ಜಾಗ," ಎಂದ ಸುಣ್ಣದವನು. ಗುದ್ದಲಿಯ ತುದಿಯಿಂದ ಗೂಡನ್ನು ತಟ್ಟಿದ. "ಇದನ್ನು ಕಿತ್ತು ಹಾಕಿದರಾಯಿತು."

"ಅದನ್ನು ಮುಟ್ಟಬೇಡ."

"ಯಾಕೆ, ಯಾವ ದೇವರು ಇದು?"

ಗಾಣದವನು ಬಾಯಿ ತೆರೆದ. ರೂಢಿಯ ಮಾತು ನಾಲಿಗೆಯ ತುದಿಗೆ ಬಂತು, ಅದು ನನ್ನ ಹೆಂಡತಿಯದು ಎಂದು. ಆದರೆ ಹೆಂಡತಿಯೆಲ್ಲಿದ್ದಾಳೆ? ಬಿಡುಗಡೆಯಾಗಿದೆ. ಪಂಚರ ಮುಂದೆ ಅವಳು ಅದನ್ನು ಅವನ ಪಾಲಿಗೆ ಬಿಟ್ಟು ಹೋಗಿದ್ದಾಳೆ. ಅವನಿಗೆ ಬೇರೆ ಮಾತು ಉಳಿಯಲಿಲ್ಲ.

"ಅದು ನನ್ನ ಮಗಳು," ಎಂದ.

ಕೂಸು ಹುಟ್ಟಿದಂದಿನಿಂದ ಅವನ ಬಾಯಲ್ಲಿ ಬರದಿದ್ದ ಮಾತು ಅದು. ಹೇಳಿದ್ದೇ ತಡ, ಅಲ್ಲೇ ಕುಸಿದು ಕೂತ. ದೊಡ್ಡ ದನಿ ತೆಗೆದು ಅತ್ತ. ಸುಣ್ಣದವನು ಒಳ್ಳೆಯವನು. ಗುದ್ದಲಿ ಕೆಳಗಿಟ್ಟ, ಗೂಡಿಗೊಂದು ಕೈ ಮುಗಿದ, ಹೊರಟುಹೋದ.

ಸಂಜೆಯಾಯಿತು. ಗಾಣದವನಿಗೆ ದೀಪ ಹಚ್ಚಬೇಕೆನ್ನಿಸಿತು. ಗೂಡಿನೊಳಗೆ ಕೈ ಹಾಕಿದ. ಹಣತೆ ಒಣಗಿ ಬಿದ್ದಿತ್ತು. ಎಣ್ಣೆಯಿರಲಿಲ್ಲ. ನೋಡು, ಎಣ್ಣೆಯಲ್ಲೇ ಹುಟ್ಟಿ ಎಣ್ಣೆಯಲ್ಲೇ ಬೆಳೆದವನ ಹತ್ತಿರ ಮಗಳ ಹಣತೆಗೆ ಒಂದು ಹನಿ ಎಣ್ಣೆಯಿಲ್ಲ! ಊರಿನಲ್ಲಿ ಇದ್ದದ್ದು ಒಂದೇ ಎಣ್ಣೆಯಂಗಡಿ. ಅದು ಅವಳದು. ಅವನು ಹಣತೆ ಹಿಡಿದುಕೊಂಡು ನಡೆದ. ನಾಚಿಕೆಯಿಂದ ಅವನ ಕಾಲು ಹಿಂದೆ ಮುಂದೆ ಆಗುತ್ತಿತ್ತು, ಆದರೂ ಹೋದ.

ಅಂಗಡಿಯ ಮುಂದೆ ನಿಂತು, "ಎಣ್ಣೆ ಬೇಕಿತ್ತು," ಎಂದ.

ಒಳಗೆ ಗಾಣ ತಿರುಗುತ್ತಿತ್ತು. ಆ ದನಿ ಕೇಳಿದ್ದೇ ಎತ್ತು ಗಕ್ಕನೆ ನಿಂತಿತು. ಕಣ್ಣಿಗೆ ಪಟ್ಟಿ ಕಟ್ಟಿತ್ತು, ಆದರೆ ಕಿವಿಗೆ ಯಾರೂ ಕಟ್ಟಿರಲಿಲ್ಲವಲ್ಲ! ಆಳು ಹೊಡೆದ, ಬೈದ, ಬಾಲ ತಿರುಚಿದ. ಅದು ಒಂದು ಹೆಜ್ಜೆ ಇಡಲಿಲ್ಲ. ಗಾಣದವಳು ಎತ್ತನ್ನು ನೋಡಿದಳು, ಅವನನ್ನು ನೋಡಿದಳು.

"ಅಡುಗೆಗೋ?" ಎಂದು ಕೇಳಿದಳು.

"ದೀಪಕ್ಕೆ," ಎಂದ ಅವನು. ಹಣತೆ ಮುಂದೆ ಹಿಡಿದ.

ಅವಳ ಕಣ್ಣು ತುಂಬಿತು. ಹಣತೆಗೆ ಎಣ್ಣೆ ಹೊಯ್ದಳು. ಹೊಯ್ದ ಮೇಲೆ, ಎಲ್ಲ ಗಿರಾಕಿಗಳಿಗೂ ಹಾಕುವ ಹಾಗೆ, ಒಂದಿಷ್ಟು ಕೊಸರು ಹಾಕಿದಳು. ಅಂಚಿನವರೆಗೂ ತುಂಬಿತು. ಅವನು ಚೆಲ್ಲದಂತೆ ಎರಡೂ ಕೈಯಲ್ಲಿ ಹಿಡಿದುಕೊಂಡು ಊರಂಚಿಗೆ ನಡೆದ. ಸ್ವಲ್ಪ ಹೊತ್ತಿನಲ್ಲೇ ಅವಳು ಹಿತ್ತಿಲ ಬಾಗಿಲಿಗೆ ಬಂದು ನೋಡಿದಳು. ಬೆಳಕಿತ್ತು. ಅಯ್ಯೋ, ಅವಳಿಗಾದ ಸಂತೋಷ! ಅಂದು ಎತ್ತಿಗೆ ಮೇವು ಹಾಕುತ್ತ ಅದರ ಜೊತೆ ಅವಳು ಮಾತಾಡಿದಳಂತೆ.

ಮರುದಿನ ಗಾಣದವನು ಪಂಚರ ಮುಂದೆ ಹೋಗಿ ನಿಂತ.

"ಅಂದು ನಾನು ಸುಳ್ಳು ಹೇಳಿದೆ. ಸಾಮಾಯಿಕ ಒಂದಿದೆ," ಎಂದ.

"ಈಗ ಅದನ್ನು ಹಿಡಿದು ಯಾವ ಪಾಲು ವಾಪಸು ಕೇಳಲು ಬಂದೆ?" ಎಂದು ಪಂಚರು ಗದರಿದರು. ಈ ಸಲ ಅವರಿಗೆ ಸ್ವಲ್ಪ ಬುದ್ಧಿ ಬಂದಿತ್ತು.

"ಏನೂ ವಾಪಸು ಬೇಡ. ಕೊಟ್ಟಿಗೆಯ ಹಿಂದಿನ ಗೂಡು ಇಬ್ಬರದೂ ಎಂದು ಎಲ್ಲರೆದುರು ಹೇಳಿ. ಅವಳು ಯಾರ ಅಪ್ಪಣೆಯೂ ಇಲ್ಲದೆ ಬಂದು ಹೋಗಲಿ. ಅಷ್ಟೇ."

ಪಂಚರು ಅವಳನ್ನು ಕರೆಸಿದರು. ವಿಷಯ ಹೇಳಿದರು. ಅವಳು ಕೇಳಿಸಿಕೊಂಡು, "ಹಾಗಾದರೆ ಮೊದಲು ಮಾಡಿದ್ದು ಪಾಲೇ ಅಲ್ಲ. ಮತ್ತೆ ಮಾಡೋಣ," ಎಂದಳು. "ಈ ಸಲ ಪಾಲು ಮಾಡುವವಳು ನಾನು. ಅವನು ಆರಿಸಿಕೊಳ್ಳಲಿ."

ಹುಚ್ಚಿ, ಕೈಗೆ ಬಂದದ್ದನ್ನು ಯಾಕೆ ಬಿಡುತ್ತೀಯ ಎಂದು ಯಾರೋ ಕೂಗಿದರು. ಅವಳು ಆ ಕಡೆ ತಿರುಗಲೂ ಇಲ್ಲ.

"ಗೂಡು, ಕೊಟ್ಟಿಗೆ, ಅದರ ಸುತ್ತಿನ ನೆಲ ಸಾಮಾಯಿಕ," ಎಂದಳು. "ಎತ್ತನ್ನು ಪಾಲಿಗೆ ಸೇರಿಸುವುದಿಲ್ಲ. ಅದು ಅವನದು, ಅದನ್ನು ಮೊದಲೇ ಅವನ ಕೈಗೆ ಕೊಡುತ್ತೇನೆ. ಇನ್ನು ಉಳಿದದ್ದು. ಗಾಣ, ಅಂಗಡಿ, ಅಂಗಡಿಯ ಹಿಂದಿನ ಕೋಣೆಗಳು ಒಂದು ಪಾಲು. ಮನೆ ಮತ್ತು ಹೊಲ ಒಂದು ಪಾಲು."

ಗಾಣದವನು ಎರಡನ್ನೂ ತೂಗಿ ನೋಡಿದ. ಎಲ್ಲಿ ಗಾಳವಿದೆಯೆಂದು ಹುಡುಕಿದ. ಕಳ್ಳನ ಬುದ್ಧಿ ಅಷ್ಟು ಬೇಗ ಹೋಗುತ್ತದೆಯೇ? ಹುಡುಕಿದರೂ ಸಿಗಲಿಲ್ಲ. ಯಾವುದನ್ನು ತೆಗೆದುಕೊಂಡರೂ ಅವನು ಬದುಕುತ್ತಿದ್ದ, ಯಾವುದು ಉಳಿದರೂ ಅವಳು ಬದುಕುತ್ತಿದ್ದಳು. "ಎತ್ತಿಗೆ ವಯಸ್ಸಾಯಿತು. ಸುತ್ತಿದ್ದು ಸಾಕು, ಬದುವಿನಲ್ಲಿ ಮೇಯಲಿ," ಎಂದು ಮನೆ ಹೊಲ ಆರಿಸಿಕೊಂಡ. ಆಮೇಲೆ ಹೊಲದಲ್ಲಿ ಬೆಳೆದ ಕುಸುಬೆಯನ್ನು ಅವಳ ಗಾಣಕ್ಕೇ ತಂದು ಹಾಕುತ್ತಿದ್ದ.

ಇಲ್ಲಿ ಗುರುಗಳು ನಿಲ್ಲಿಸಿ, ಹಿಸುಕಿದ ಕಾಳನ್ನು ಪಾತ್ರೆಗೆ ಸುರಿದರು.

"ಕೊನೆಗೆ ಒಂದಾದರೇ ಗುರುಗಳೇ?" ಎಂದು ರಾಚಪ್ಪ ಕೇಳಿದ.

"ನಿನಗೆ ಸಿನಿಮಾ ಬೇಕು! ಒಂದಾಗಲಿಲ್ಲ. ಮುರಿದದ್ದು ಮುರಿದೇ ಇತ್ತು. ಕೆಲವು ವರ್ಷಗಳಾದ ಮೇಲೆ ಅವಳು ಇನ್ನೊಬ್ಬನ ಕೈ ಹಿಡಿದಳು. ಒಳ್ಳೆಯವನು, ನಗಿಸುವವನು. ಅವಳು ನಗುವುದನ್ನು ಊರು ನೋಡಿತು. ಗಾಣದವನು ತನ್ನ ಹೊಲ, ತನ್ನ ಎತ್ತು ಎಂದು ನೆಮ್ಮದಿಯಾಗಿದ್ದ. ದೀಪ ಮಾತ್ರ ತಪ್ಪಲಿಲ್ಲ. ಒಂದು ಸಂಜೆ ಇವನು ಹಚ್ಚುತ್ತಿದ್ದ, ಒಂದು ಸಂಜೆ ಅವಳು. ಕೆಲವೊಮ್ಮೆ ಇಬ್ಬರೂ ಒಟ್ಟಿಗೆ ಸಿಗುತ್ತಿದ್ದರು. ಸೀಳಿದ ಗಾಣದ ಕಲ್ಲಿನ ಮೇಲೆ ಕೂತು ಮಳೆ ಬೆಳೆಯ ಮಾತಾಡುತ್ತಿದ್ದರು. ಗಂಡ ಹೆಂಡತಿಯಾಗಿದ್ದಾಗ ಆಡದ ಮಾತನ್ನೂ ಆಡಿದರು. ಹಾಗೆ ಒಂದು ಸಂಜೆ ಕೂತು ಆ ಕೂಸಿಗೆ ಹೆಸರಿಟ್ಟರು."

"ಏನೆಂದು ಇಟ್ಟರು?"

"ಅದನ್ನು ನಿನಗೆ ಯಾಕೆ ಹೇಳಲಿ? ಅದು ಅವರಿಬ್ಬರ ಸಾಮಾಯಿಕ."

ರಾಚಪ್ಪನ ಕೈ ಕಾಳಿನಲ್ಲೇ ನಿಂತಿತ್ತು. ಈ ಸಲ ಗುರುಗಳು ಗದರಲಿಲ್ಲ. ಪಾತ್ರೆಯನ್ನು ತಮ್ಮ ಕಡೆಗೆ ಎಳೆದುಕೊಂಡು, ಅವನ ಪಾಲಿನ ಕಾಳನ್ನೂ ತಾವೇ ಹಿಸುಕತೊಡಗಿದರು.

"ನಾಳೆ ಕೋರ್ಟು ಎಷ್ಟು ಹೊತ್ತಿಗೆ?" ಎಂದು ಕೇಳಿದರು.

"ಹನ್ನೊಂದಕ್ಕೆ."

"ಒಳ್ಳೆಯದಾಯಿತು, ನೀನಿನ್ನೂ ಪಾಲು ಹೇಳಿಲ್ಲ," ಎಂದರು ಗುರುಗಳು.

ಗುರುಗಳು ಅವನ ಹೆಗಲ ಮೇಲೆ ಕೈಯಿಟ್ಟರು.

"ಈಗ ಹೇಳಪ್ಪ, ಆ ಚಿಲ್ಲರೆ ಸಾಮಾನಿನಲ್ಲಿ ನೀಲವ್ವನದು ಏನಿದೆ?"